ದೇವರ ಕರೆ ಏನೂ ಬಂದಿಲ್ಲ, ಸುಸ್ತಾಗಿದೆ ಅಷ್ಟೇ. ಕೆಲಸ ಬಿಟ್ಟು ಸುಮ್ನೆ ಇರುವುದು ತಪ್ಪಾ?

ಹೊಂಗೆಮರ · ಮೇ 3, ರಾತ್ರಿ 10:40

ಎಲ್ಲರಿಗೂ ವಂದನೆಗಳು. ಮೂರು ವರ್ಷದಿಂದ ಇಲ್ಲಿ ಓದುತ್ತಾ ಇದ್ದೇನೆ, ಬರೆಯುವುದು ಇವತ್ತೇ ಮೊದಲು. ಸ್ವಲ್ಪ ಉದ್ದ ಆಗಬಹುದು.

ವಯಸ್ಸು 42. ಮನೆ ಬೆಂಗಳೂರಿನ ಲಿಂಗರಾಜಪುರ. ಸಾಫ್ಟ್‌ವೇರ್ ಟೆಸ್ಟಿಂಗ್‌ನಲ್ಲಿ 16 ವರ್ಷ, ಅದರಲ್ಲಿ ಕೊನೆಯ 11 ಒಂದೇ ಕಂಪನಿ, ಬೆಳ್ಳಂದೂರು ಕಡೆ. ಮೊನ್ನೆ ಏಪ್ರಿಲ್ 30ಕ್ಕೆ ಬಿಟ್ಟೆ. ಜಗಳ ಆಗಿಲ್ಲ, ಬೇರೆ ಆಫರ್ ಇಲ್ಲ, ಬಿಸಿನೆಸ್ ಮಾಡುವ ಆಸೆಯೂ ಇಲ್ಲ. ಸುಸ್ತಾಗಿತ್ತು.

ತೀರ್ಮಾನ ಆದದ್ದು ಫೆಬ್ರವರಿಯ ಮೊದಲ ಭಾನುವಾರ. ನಮ್ಮದು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಕನ್ನಡ ಸಭೆ. ತಿಂಗಳ ಮೊದಲ ಭಾನುವಾರ ಕರ್ತನ ಭೋಜನ, ಅಂದರೆ ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಆರಾಧನೆ ಇರುತ್ತದೆ. ಪ್ರಸಂಗ (ಉಪದೇಶ) ಮುಗಿಯುವ ಹೊತ್ತಿಗೆ ಸತ್ಯವೇದದ (ಬೈಬಲ್) ಮಧ್ಯೆ ಇಟ್ಟಿದ್ದ ಫೋನ್ ನಡುಗಿತು. ಪ್ರೊಡಕ್ಷನ್‌ನಲ್ಲಿ (ಜನ ಬಳಸುತ್ತಿರುವ ಸಾಫ್ಟ್‌ವೇರ್) ಏನೋ ಕೆಟ್ಟಿದೆ, ಕಾಲ್‌ಗೆ ಬಾ ಅಂತ. ಹೊರಗೆ ಬಂದು ಕಾಂಪೌಂಡಿನ ಹೊಂಗೆ ಮರದ ಕೆಳಗೆ ನಿಂತೆ. ಕಿಟಕಿ ತೆರೆದಿತ್ತು. ಒಳಗೆ ಅಯ್ಯನವರು (ಪಾದ್ರಿ) "ತೆಗೆದುಕೊಳ್ಳಿರಿ, ತಿನ್ನಿರಿ" ಅನ್ನುತ್ತಿದ್ದಾರೆ. ಕಿವಿಯಲ್ಲಿ ಒಬ್ಬರು "ರೋಲ್‌ಬ್ಯಾಕ್ ಮಾಡಿ ಹಳೇ ಆವೃತ್ತಿಗೇ ಹೋಗೋಣವಾ ಬೇಡವಾ, ಬೇಗ ಹೇಳಿ" ಅನ್ನುತ್ತಿದ್ದಾರೆ. ಮ್ಯೂಟ್ ತೆಗೆದು "ಮಾಡಿ" ಅಂದೆ. ನಲವತ್ತು ನಿಮಿಷ ಹೋಯಿತು. ಒಳಗೆ ಹೋದಾಗ ಬಟ್ಟಲು ಒರೆಸಿ ಬಿಳಿ ಬಟ್ಟೆ ಮುಚ್ಚುತ್ತಿದ್ದರು.

ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಏನೂ ಅನಿಸಲಿಲ್ಲ. ಹೆದರಿದ್ದು ಅದಕ್ಕೇ. ಮಾರನೇ ದಿನ ರಾಜೀನಾಮೆ ಬರೆದೆ.

ಈಗ ತೊಂದರೆ ಏನೆಂದರೆ, ಯಾರಿಗೂ ಇದು ಅರ್ಥ ಆಗುತ್ತಿಲ್ಲ. "ಸೇವೆಗೆ ಕರೆ ಬಂತಾ?" ಅಂತ ಕೇಳುತ್ತಾರೆ. ಇಲ್ಲ. "ಮಗಳ ಓದಿಗಾ?" ಅವಳು ಎಂಟನೇ ಕ್ಲಾಸು, ನಾನು ಮನೆಯಲ್ಲಿದ್ದರೆ ಅವಳಿಗೇ ಕಿರಿಕಿರಿ. "ಆರೋಗ್ಯ?" ರಿಪೋರ್ಟ್ ಎಲ್ಲ ಸರಿ ಇದೆ. ಆಮೇಲೆ ಒಂದು ಮೌನ. ಆ ಮೌನ ತಡೆಯಲಾರದೆ ನಾನೇ ಏನಾದರೂ ಕಾರಣ ಹುಟ್ಟಿಸಿ ಹೇಳುತ್ತೇನೆ. ಬಿಟ್ಟ ಸುದ್ದಿ ಹರಡಿ ಎರಡೇ ದಿನದಲ್ಲಿ ವಿಬಿಎಸ್‌ಗೆ (ರಜೆಯಲ್ಲಿ ಮಕ್ಕಳಿಗೆ ನಡೆಸುವ ಬೈಬಲ್ ಶಾಲೆ) ಟೀಚರ್, ಸ್ತ್ರೀಯರ ಕೂಟಕ್ಕೆ ಕಾರ್ಯದರ್ಶಿ, ಸಭೆಯ ಲೆಕ್ಕ ಕಂಪ್ಯೂಟರಿಗೆ ಹತ್ತಿಸುವ ಕೆಲಸ, ಮೂರೂ ಬಾಗಿಲಿಗೆ ಬಂದವು. "ಈಗ ಫ್ರೀ ಅಲ್ವಾ ಸಿಸ್ಟರ್?"

ಅಮ್ಮ 34 ವರ್ಷ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು. ಅವರು ಹೇಳಿದ್ದು ಒಂದೇ ಮಾತು: "ಕೆಲಸ ಮಾಡಲೊಲ್ಲದವನು ಊಟ ಮಾಡಬಾರದು ಅಂತ ಸತ್ಯವೇದದಲ್ಲಿ ಪೌಲನೇ ಬರೆದಿದ್ದಾನೆ."

ಆರು ತಿಂಗಳು, ಹೆಚ್ಚೆಂದರೆ ಎಂಟು. ಗಂಡನ ಸಂಬಳ ಇದೆ, ಉಳಿತಾಯ ಇದೆ. ನನ್ನ ಪ್ರಶ್ನೆ ದುಡ್ಡಿನದಲ್ಲ. ದೇವರ ಹೆಸರಿನ ಕಾರಣ ಒಂದೂ ಇಲ್ಲದೆ, ಬರೀ ದಣಿವಿಗಾಗಿ ನಿಂತುಬಿಡುವುದು ವಿಶ್ವಾಸಿಗೆ ಸರಿಯಾ?

ಲೆಕ್ಕದ ಮೇಷ್ಟ್ರು · ಮೇ 3, ರಾತ್ರಿ 11:15

ದುಡ್ಡಿನ ಪ್ರಶ್ನೆ ಅಲ್ಲ ಅಂದಿದ್ದೀರಿ. ಆದರೂ ಹೇಳುತ್ತೇನೆ, ಕ್ಷಮಿಸಿ, ಅಭ್ಯಾಸ. ಗೋಪುರ ಕಟ್ಟುವವನು ಮೊದಲು ಕೂತು ಖರ್ಚು ಲೆಕ್ಕ ಹಾಕುವುದಿಲ್ಲವೇ ಎಂದು ಯೇಸು ಸ್ವಾಮಿಯೇ ಕೇಳಿದ್ದಾರೆ, ಲೂಕ 14ರಲ್ಲಿ.

ಒಂದೇ ಕಂಪನಿಯಲ್ಲಿ 5 ವರ್ಷ ದಾಟಿದವರಿಗೆ ಗ್ರಾಚ್ಯುಟಿ ಬರುತ್ತದೆ. ಕೊನೆಯ ಮೂಲ ವೇತನವನ್ನು ಸೇವೆಯ ವರ್ಷಗಳಿಂದ ಗುಣಿಸಿ, 15ರಿಂದ ಗುಣಿಸಿ, 26ರಿಂದ ಭಾಗಿಸಿ. ಮೂಲ ವೇತನ 60,000 ಅಂದುಕೊಂಡರೆ 11 ವರ್ಷಕ್ಕೆ ಸುಮಾರು 3 ಲಕ್ಷ 80 ಸಾವಿರ. ಕೇಳಿ ತೆಗೆದುಕೊಳ್ಳಿ, ಸಂಕೋಚ ಬೇಡ. ಪಿಎಫ್ ಮುಟ್ಟಬೇಡಿ.

ಜಾಸ್ತಿ ಜನ ಎಡವುವುದು ಆರೋಗ್ಯ ವಿಮೆಯಲ್ಲಿ. ಕೆಲಸ ಬಿಟ್ಟರೆ ಕಂಪನಿಯ ಗ್ರೂಪ್ ಪಾಲಿಸಿಯೂ ಹೋಯಿತು. ಹೊಸ ಪಾಲಿಸಿ ಮಾಡಿಸಿದರೆ ಮೊದಲ 30 ದಿನ ಅಪಘಾತ ಬಿಟ್ಟು ಬೇರೆ ಕ್ಲೇಮ್ ಸಿಗುವುದಿಲ್ಲ. ಮೊದಲೇ ಇದ್ದ ಕಾಯಿಲೆಗೆ 3 ವರ್ಷದವರೆಗೂ ಕಾಯಿಸಬಹುದು. ಗಂಡನ ಪಾಲಿಸಿಯಲ್ಲಿ ನಿಮ್ಮ ಹೆಸರು ಇದೆಯಾ ಅಂತ ನಾಳೆಯೇ ನೋಡಿ.

ಮಿಕ್ಕಿದ್ದು ದೇವರಿಗೂ ನಿಮಗೂ ಬಿಟ್ಟದ್ದು.

ಹೆಂಚಿನ ಮನೆ · ಮೇ 4, ಬೆಳಗ್ಗೆ 6:50

ನಿಮ್ಮ ಅಮ್ಮ ಹೇಳಿದ ವಚನವನ್ನು ನಿಧಾನವಾಗಿ ಓದಿ. "ಮಾಡಲೊಲ್ಲದವನು" ಅಂತಿದೆ. ಒಲ್ಲದವನು ಬೇರೆ, ಆಗದವನು ಬೇರೆ. ಕನ್ನಡದಲ್ಲೇ ಇಷ್ಟು ಸ್ಪಷ್ಟವಾಗಿದೆ, ಗ್ರೀಕ್‌ಗೆ ಹೋಗುವ ಅಗತ್ಯವೇ ಇಲ್ಲ. ಥೆಸಲೋನಿಕದಲ್ಲಿ ಕೆಲವರು ಕೆಲಸಕ್ಕೆ ಕೈ ಹಾಕದೆ ಕಂಡವರ ವಿಷಯಕ್ಕೆ ಬಾಯಿ ಹಾಕುತ್ತಾ ತಿರುಗುತ್ತಿದ್ದರು. ಪೌಲ ಬರೆದದ್ದು ಅವರಿಗೆ. 16 ವರ್ಷ ದುಡಿದು ಬಸವಳಿದವರಿಗೆ ಅಲ್ಲ.

ಆದರೆ ಅಮ್ಮನ ಮೇಲೆ ಬೇಜಾರು ಮಾಡಿಕೊಳ್ಳಬೇಡಿ. ನಾನು ಮಂಗಳೂರು ಕಡೆಯವಳು, ಈಗ ಕಮ್ಮನಹಳ್ಳಿ. ನಮ್ಮ ಅಜ್ಜನ ಅಪ್ಪ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಹೆಂಚಿನ ಕಾರ್ಖಾನೆಯಲ್ಲಿ ಮಣ್ಣು ತುಳಿದವರು. ಮಿಷನ್ ಮಂಗಳೂರಿಗೆ ಬಂದದ್ದು 1834ರಲ್ಲಿ, ಹೆಂಚಿನ ಕಾರ್ಖಾನೆ ಶುರುವಾದದ್ದು 1865ರಲ್ಲಿ. ಅದು ಯಾಕೆ ಬಂತು ಅಂತ ಯೋಚಿಸಿದ್ದೀರಾ? ಕ್ರೈಸ್ತರಾದವರನ್ನು ಅವರ ಜಾತಿಯವರು ಹೊರಗೆ ಹಾಕಿದರು. ಹೊಲ ಹೋಯಿತು, ಕಸುಬು ಹೋಯಿತು. ಅವರ ಹೊಟ್ಟೆಗೆ ದಾರಿ ಬೇಕಿತ್ತು. ನೇಯ್ಗೆ, ಹೆಂಚು, ಛಾಪಖಾನೆ ಎಲ್ಲ ಬಂದದ್ದು ಹಾಗೆ. ಹಾಗಾಗಿ ನಮ್ಮ ಮನೆಗಳಲ್ಲಿ ವಿಶ್ವಾಸ ಮತ್ತು ಕೆಲಸ ಒಂದೇ ದಿನ ಬಾಗಿಲು ದಾಟಿ ಒಳಗೆ ಬಂದವು. ಕೆಲಸ ಇಲ್ಲದ ಕ್ರೈಸ್ತ ಅಂದರೆ ಊಟವೂ ಇಲ್ಲ, ಊರೂ ಇಲ್ಲ. ನಿಮ್ಮ ಅಮ್ಮನಂಥ ನರ್ಸಮ್ಮಗಳು, ಟೀಚರಮ್ಮಗಳು ಆ ಹೆದರಿಕೆಯನ್ನೇ ವಚನ ಅಂದುಕೊಂಡು ಬೆಳೆದವರು. ನಮ್ಮಜ್ಜಿ ಮಧ್ಯಾಹ್ನ ಮಲಗಿದ್ದನ್ನು ನಾನು ನೋಡಿದ್ದು ಅವರು ತೀರಿಕೊಂಡ ದಿನ.

ತಮಾಷೆಗೆ ಹೇಳಿದ್ದಲ್ಲ, ನಿಜ.

ಓಆರ್‌ಆರ್ ಕೈದಿ · ಮೇ 4, ಬೆಳಗ್ಗೆ 9:05

ಟಿನ್ ಫ್ಯಾಕ್ಟರಿ ಜಂಕ್ಷನ್‌ನಲ್ಲಿ ಕ್ಯಾಬಿನೊಳಗೆ ಕೂತು ಓದುತ್ತಿದ್ದೇನೆ. 25 ನಿಮಿಷದಲ್ಲಿ ಒಂದು ಬಸ್ಸಿನ ಉದ್ದದಷ್ಟು ಮುಂದೆ ಹೋಗಿದೆ. ವಾರಕ್ಕೆ 70 ಗಂಟೆ ದುಡಿಯಿರಿ ಅಂತ 2023ರಲ್ಲಿ ನಾರಾಯಣ ಮೂರ್ತಿಯವರು ಹೇಳಿದಾಗ ನಮ್ಮ ಸೆಲ್ ಗ್ರೂಪಿನಲ್ಲಿ (ಸಭೆಯ ಸಣ್ಣ ಪ್ರಾರ್ಥನಾ ಗುಂಪು) ಒಬ್ಬರು "ಆಮೆನ್" ಅಂದಿದ್ದರು. ಅಷ್ಟೇ ಹೇಳಬೇಕಿತ್ತು.

ಶನಿವಾರದವ · ಮೇ 4, ಮಧ್ಯಾಹ್ನ 1:30

ನಾನು ಸೆವೆಂತ್ ಡೇ ಅಡ್ವೆಂಟಿಸ್ಟ್, ಶನಿವಾರ ಆರಾಧಿಸುವ ಸಭೆಯವನು. ವಾದಕ್ಕೆ ಬಂದಿಲ್ಲ, ಶನಿವಾರ ಭಾನುವಾರದ ಜಗಳ ಇಲ್ಲಿ ಬೇಡ. ಒಂದು ವಿಷಯ ಮಾತ್ರ.

ನಮ್ಮ ಮನೆಯಲ್ಲಿ ಸಬ್ಬತ್ (ವಾರದ ವಿಶ್ರಾಂತಿ ದಿನ) ಶುರುವಾಗುವುದು ಶುಕ್ರವಾರ ಸೂರ್ಯ ಮುಳುಗಿದಾಗ. ಗಡಿಯಾರ ನೋಡಿ ಅಲ್ಲ, ಸೂರ್ಯನನ್ನು ನೋಡಿ. ಚಿಕ್ಕವನಿದ್ದಾಗ ಇದರಿಂದ ಎಷ್ಟು ಅವಮಾನ! ಶನಿವಾರದ ಪರೀಕ್ಷೆ ತಪ್ಪಿದೆ. ಮೊದಲ ಕೆಲಸ ಮೂರು ತಿಂಗಳಿಗೇ ಹೋಗಿದೆ. ಈಗ ಶುಕ್ರವಾರ ಸಂಜೆ ಬೇಗ ಬಿಡುವ ಒಂದು ಸಣ್ಣ ಆಫೀಸಿನಲ್ಲಿ ಇದ್ದೇನೆ, ಸಂಬಳ ಕಮ್ಮಿ.

ಅದರಿಂದ ಕಲಿತದ್ದು ಇದು. ಸೂರ್ಯ ಮುಳುಗುವಾಗ ಕೆಲಸ ಮುಗಿದಿರುವುದೇ ಇಲ್ಲ. ಒಂದು ವಾರವೂ ಮುಗಿದಿರಲಿಲ್ಲ. ಪಾತ್ರೆ ಅರ್ಧ ತೊಳೆದಿರುತ್ತದೆ, ಮೇಲ್ ಅರ್ಧ ಟೈಪ್ ಆಗಿರುತ್ತದೆ. ಅಲ್ಲಿಗೇ ನಿಲ್ಲಿಸಬೇಕು. ನಾವು "ಕೆಲಸ ಮುಗಿಸಿ ವಿಶ್ರಾಂತಿ" ಅನ್ನುತ್ತೇವೆ. ಆಜ್ಞೆ ಇರುವುದು ಹಾಗಲ್ಲ. ಮುಗಿಯದಿದ್ದರೂ ನಿಲ್ಲಿಸು ಅಂತ. ನೀವು ದಣಿದಿದ್ದೀರಿ ಅನ್ನುವುದಕ್ಕೆ ಡಾಕ್ಟರ್ ರಿಪೋರ್ಟ್ ತೋರಿಸಬೇಕಾಗಿಲ್ಲ. ವಿಶ್ರಾಂತಿ ಸಂಬಳ ಅಲ್ಲ, ಸಂಪಾದಿಸುವುದಕ್ಕೆ.

ಮೂರನೇ ತಿರುವು · ಮೇ 4, ಸಂಜೆ 7:20

ಎಲ್ಲರೂ ಬೆನ್ನು ತಟ್ಟುತ್ತಿದ್ದೀರಿ. ನಾನು ತಟ್ಟುವುದಿಲ್ಲ, ಬೇಜಾರಾದರೆ ಆಗಲಿ.

ನಮ್ಮಮ್ಮ ಪೀಣ್ಯದ ಗಾರ್ಮೆಂಟ್ ಫ್ಯಾಕ್ಟರಿಯಲ್ಲಿ 19 ವರ್ಷ ಕಾಲರ್ ಹೊಲಿದರು. ಅವರಿಗೂ ಸುಸ್ತಾಗುತ್ತಿತ್ತು. ಆರು ತಿಂಗಳು ಬಿಟ್ಟಿದ್ದರೆ ನಾನು ಹತ್ತನೇ ಕ್ಲಾಸು ದಾಟುತ್ತಿರಲಿಲ್ಲ. ಭಾನುವಾರ ನಮ್ಮ ಸಣ್ಣ ಪ್ರಾರ್ಥನಾ ಮನೆಯಲ್ಲಿ, ಶೀಟಿನ ಛಾವಣಿ ಕೆಳಗೆ, ಪ್ರಸಂಗದ ಮಧ್ಯೆ ಕೂತಲ್ಲೇ ನಿದ್ದೆ ಹೋಗುತ್ತಿದ್ದರು. ಪಾಸ್ಟರ್ ಒಂದು ದಿನವೂ ಎಬ್ಬಿಸಲಿಲ್ಲ. ಅದೇ ಅವರ ಸಬ್ಬತ್.

ಲೂಕ 12ರಲ್ಲಿ ಇನ್ನೊಬ್ಬನೂ ಇದ್ದಾನಲ್ಲ. ಕಣಜ ತುಂಬಿಸಿಕೊಂಡು "ಜೀವವೇ, ಆರಾಮಾಗಿರು, ತಿನ್ನು, ಕುಡಿ" ಅಂದವನು. ಆ ರಾತ್ರಿಯೇ ಸತ್ತ. ಅವನನ್ನು ಯಾರೂ ನೆನಪಿಸಲಿಲ್ಲ ನೋಡಿ.

ಅಕ್ಕ, ಒಂದೇ ಪ್ರಶ್ನೆ. ನಿಮ್ಮ ಮನೆಯಲ್ಲಿ ಪಾತ್ರೆ ತೊಳೆಯುವವರು ಯಾರು? ಅವರು ಭಾನುವಾರವೂ ಬರುತ್ತಾರಾ? ಧರ್ಮೋಪದೇಶಕಾಂಡ 5ರಲ್ಲಿ ಇದೇ ಆಜ್ಞೆ ಎರಡನೇ ಸಲ ಬರುತ್ತದೆ. ಮೊದಲ ಸಲ ಕೊಟ್ಟ ಕಾರಣ, ದೇವರು ಸೃಷ್ಟಿ ಮುಗಿಸಿ ಏಳನೇ ದಿನ ವಿಶ್ರಮಿಸಿದ ಮಾತು, ಅಲ್ಲಿಲ್ಲ. ನಿನ್ನ ದಾಸ ದಾಸಿಯರೂ ನಿನ್ನ ಹಾಗೇ ವಿಶ್ರಮಿಸಲಿ, ನೀನೂ ಐಗುಪ್ತದಲ್ಲಿ ದಾಸನಾಗಿದ್ದೆ, ನೆನಪಿರಲಿ ಅಂತ ಇದೆ.

ಹೊಂಗೆಮರ · ಮೇ 4, ರಾತ್ರಿ 9:55

@ಮೂರನೇ ತಿರುವು, ಬರುತ್ತಾರೆ. ವಾರದ ಏಳೂ ದಿನ. ಭಾನುವಾರ ನಾವು ಚರ್ಚಿಗೆ ಹೊರಡುವ ಮೊದಲು, ಏಳೂವರೆಗೆ.

ಒಂಬತ್ತು ವರ್ಷದಿಂದ ಬರುತ್ತಿದ್ದಾರೆ. ಒಂದು ಸಲವೂ ಇದು ನನ್ನ ತಲೆಗೆ ಬಂದಿರಲಿಲ್ಲ. ಈಗ ಉತ್ತರ ಹೊಳೆಯುತ್ತಿಲ್ಲ. ಯೋಚಿಸುತ್ತೇನೆ.

ಬಸಿಲಿಕಾ ಸಂಜೆ · ಮೇ 5, ಬೆಳಗ್ಗೆ 7:40

ಮೂರನೇ ತಿರುವು ಅವರ ಮಾತು ಖಾರವಾಗಿದೆ, ಆದರೆ ಬೇಕಿತ್ತು. ಒಂದು ತಿದ್ದುಪಡಿ. ಲೂಕ 12ರ ಆ ಮನುಷ್ಯ ವಿಶ್ರಾಂತಿ ಪಡೆದದ್ದಕ್ಕೆ ದಡ್ಡ ಅನಿಸಿಕೊಳ್ಳಲಿಲ್ಲ. ಹಳೇ ಕಣಜ ಕೆಡವಿ ದೊಡ್ಡದು ಕಟ್ಟಿಸಿದ ಮೇಲೆ ವಿಶ್ರಾಂತಿ ಅಂದುಕೊಂಡ. ಅವನಿಗೆ ನಿಲ್ಲಿಸುವುದೇ ಗೊತ್ತಿರಲಿಲ್ಲ. ಅವನು ನಮ್ಮ ಬೆಳ್ಳಂದೂರಿನವನೇ, 50ಕ್ಕೆ ನಿವೃತ್ತಿ ಅಂತ ಎಕ್ಸೆಲ್ ಹಾಳೆ ಇಟ್ಟುಕೊಂಡವನು.

ನಾನು ಕಥೋಲಿಕ, ಶಿವಾಜಿನಗರದ ಸಂತ ಮರಿಯಮ್ಮನವರ ಬಸಿಲಿಕಾ ಹತ್ತಿರ ಅಂಗಡಿ. ನಮ್ಮಲ್ಲಿ ಧ್ಯಾನಕೂಟ ಅಂತ ಒಂದು ವ್ಯವಸ್ಥೆ ಇರುವುದರಿಂದ "ಸುಮ್ನೆ ಇರುವುದು" ಅಷ್ಟು ವಿಚಿತ್ರ ಅನಿಸುವುದಿಲ್ಲ. ಎಂಟು ದಿನ ಮಾತಾಡದೆ ಕೂತು ಬಂದೆ ಅಂದರೆ ಯಾರೂ ಹುಬ್ಬೇರಿಸುವುದಿಲ್ಲ. ಜೆಸ್ವಿಟರ (ಕಥೋಲಿಕ ಗುರುಗಳ ಒಂದು ಸಂಘ) ಪದ್ಧತಿಯಲ್ಲಿ ಪೂರ್ತಿ ಸಾಧನೆ 30 ದಿನ. ಅದನ್ನು ರೂಪಿಸಿದ ಇಗ್ನೇಷಿಯಸ್ ಏನು ಮೊದಲಿಂದ ಸಂತನೇ? ಸಿಪಾಯಿ. 1521ರಲ್ಲಿ ಪಾಂಪ್ಲೋನದ ಯುದ್ಧದಲ್ಲಿ ಫಿರಂಗಿ ಗುಂಡು ಕಾಲಿಗೆ ಬಿತ್ತು. ತಿಂಗಳುಗಟ್ಟಲೆ ಹಾಸಿಗೆ. ಮಾಡಲು ಏನೂ ಇಲ್ಲದೆ ಮಲಗಿದ್ದಾಗ ಮನಸ್ಸಿನಲ್ಲಿ ಏನೇನು ಬಂದು ಹೋಗುತ್ತದೆ ಅಂತ ಗಮನಿಸಿದ. ಉಳಿದದ್ದೆಲ್ಲ ಅಲ್ಲಿಂದ ಹುಟ್ಟಿತು.

ಅವರದೇ ಒಂದು ನಿಯಮ ನಿಮಗೆ ಬೇಕಾಗಬಹುದು. ಮನಸ್ಸು ಕತ್ತಲಲ್ಲಿ ಇರುವಾಗ ಬೆಳಕಿನಲ್ಲಿ ತೆಗೆದುಕೊಂಡ ತೀರ್ಮಾನ ಬದಲಿಸಬೇಡ. ಎರಡನೇ ತಿಂಗಳಲ್ಲಿ ಒಂದು ಮಂಗಳವಾರ ಬೆಳಗ್ಗೆ 11ಕ್ಕೆ ಎಲ್ಲರೂ ಆಫೀಸಿನಲ್ಲಿ ಇರುವಾಗ, ನಿಮಗೆ "ಅಯ್ಯೋ ಏನು ಮಾಡಿಕೊಂಡೆ" ಅನಿಸುತ್ತದೆ. ಖಂಡಿತ ಅನಿಸುತ್ತದೆ. ಅವತ್ತು ಹಳೇ ಮ್ಯಾನೇಜರ್‌ಗೆ ಫೋನ್ ಮಾಡಬೇಡಿ.

ಇನ್ನೊಂದು ಮಾತು. 16ನೇ ಬೆನೆಡಿಕ್ಟರು 2013ರ ಫೆಬ್ರವರಿಯಲ್ಲಿ ಪೋಪ್ ಸ್ಥಾನದಿಂದಲೇ ಇಳಿದರು. ಶಕ್ತಿ ಸಾಲುತ್ತಿಲ್ಲ ಅಂದರು, ಅಷ್ಟೇ. ಅವರು ಇಳಿಯಬಹುದಾದರೆ ಟೆಸ್ಟಿಂಗ್ ಲೀಡ್ ಇಳಿಯಬಾರದಾ?

ಅಯ್ಯನವರ ಮನೆಯಾಕೆ · ಮೇ 5, ಮಧ್ಯಾಹ್ನ 3:10

ನಗು ಬಂತು, ಬೆನ್ನಿಗೇ ಬೇಜಾರೂ ಆಯಿತು. ನಿಮಗೆ ವಿಬಿಎಸ್ ಕೇಳಿದ್ದು ನಾನಲ್ಲ ಅಂದುಕೊಂಡಿದ್ದೇನೆ, ಆದರೆ ನಾನೇ ಇದ್ದರೂ ಇರಬಹುದು. ಇಂಥ ಫೋನ್ ನೂರು ಮಾಡಿದ್ದೇನೆ.

ಒಳಗಿನ ಮಾತು ಹೇಳುತ್ತೇನೆ. ಸಭೆಗೆ ಖಾಲಿ ಇರುವ ಮನುಷ್ಯ ಕಂಡರೆ ತಡೆದುಕೊಳ್ಳಲು ಆಗುವುದಿಲ್ಲ. ಯಾಕೆಂದರೆ ನಾವೇ ದಣಿದಿರುತ್ತೇವೆ. ನಮ್ಮವರಿಗೆ ಭಾನುವಾರ ಎರಡು ಆರಾಧನೆ, ಒಂದು ಮನೆ ಪ್ರಾರ್ಥನೆ, ಒಂದು ಸಮಿತಿ. ಸೋಮವಾರ ರಜೆ ಅಂತ ಹೆಸರು. ಸೋಮವಾರವೇ ಮಣ್ಣು ಮಾಡುವ ಕೆಲಸವೂ ಬರುತ್ತದೆ. "ದಣಿದವರೇ ನನ್ನ ಬಳಿಗೆ ಬನ್ನಿ" ಅನ್ನುವ ವಚನವನ್ನು ಪ್ರಸಂಗ ಮಾಡಿ ಮನೆಗೆ ಬಂದು, ಸೋಫಾದ ಮೇಲೆ ಪಂಚೆ ಕೂಡ ಬದಲಿಸದೆ ಮಲಗಿಬಿಟ್ಟಿದ್ದಾರೆ.

ಮಾರ್ಕ 6ರಲ್ಲಿ ಶಿಷ್ಯರು ಸೇವೆಯಿಂದ ವಾಪಸು ಬಂದು ಏನೇನು ಮಾಡಿದೆವು ಅಂತ ವರದಿ ಒಪ್ಪಿಸುತ್ತಾರೆ. ಯೇಸು ಸ್ವಾಮಿ ಮುಂದಿನ ಊರಿನ ಹೆಸರು ಹೇಳಲಿಲ್ಲ. ಜನ ಹೋಗುತ್ತಾ ಬರುತ್ತಾ ಇದ್ದರು, ಇವರಿಗೆ ಊಟಕ್ಕೂ ಬಿಡುವಿರಲಿಲ್ಲ. ಅದಕ್ಕೇ ಸ್ವಲ್ಪ ದಣಿವಾರಿಸಿಕೊಳ್ಳಿ ಅಂದರು. (ಪಾಪ, ಆ ಬಿಡುವೂ ಸಿಗಲಿಲ್ಲ. ದೋಣಿ ಇಳಿಯುವಷ್ಟರಲ್ಲಿ ಐದು ಸಾವಿರ ಜನ. ಸಭೆ ಅಂದರೆ ಹಾಗೇ.)

ಬೇಡ ಅನ್ನುವುದಕ್ಕೆ ಒಂದು ಉಪಾಯ. ಕಾರಣ ಹೇಳಬೇಡಿ. ಕಾರಣ ಹೇಳಿದರೆ ನಾವು ಅದಕ್ಕೆ ಪರಿಹಾರ ಹುಡುಕುತ್ತೇವೆ. "ನವೆಂಬರ್‌ವರೆಗೆ ಆಗುವುದಿಲ್ಲ ಅಮ್ಮ" ಅನ್ನಿ. ತಿಂಗಳ ಹೆಸರು ಕೇಳಿದರೆ ನಮಗೂ ನೆಮ್ಮದಿ.

ಒಮ್ಮೆ ಬಿದ್ದವಳು · ಮೇ 5, ರಾತ್ರಿ 10:30

"ಏನೂ ಅನಿಸಲಿಲ್ಲ" ಎಂದು ಬರೆದಿದ್ದೀರಿ. ನನ್ನ ಕಣ್ಣು ಅಲ್ಲೇ ನಿಂತಿತು.

ನಾನೂ ದಣಿವು ಅಂದುಕೊಂಡೇ ಕೆಲಸ ಬಿಟ್ಟಿದ್ದೆ. ಎರಡು ತಿಂಗಳು ಮಲಗಿದರೂ ದಣಿವು ಹೋಗಲಿಲ್ಲ. ಬೆಳಗ್ಗೆ ಹಲ್ಲುಜ್ಜುವುದೇ ಬೆಟ್ಟ ಹತ್ತಿದ ಹಾಗೆ. ಪ್ರಾರ್ಥನಾ ಗುಂಪಿನವರು ಬಂದು ಎಣ್ಣೆ ಹಚ್ಚಿ ಪ್ರಾರ್ಥಿಸಿದರು, ಒಳ್ಳೆಯ ಮನಸ್ಸಿನಿಂದಲೇ. ಒಬ್ಬರು ಮಾತ್ರ "ವಿಶ್ವಾಸ ಕಮ್ಮಿ ಆಗಿದೆ" ಅಂದುಬಿಟ್ಟರು. ಆ ಒಂದು ಮಾತಿನಿಂದ ಡಾಕ್ಟರ ಹತ್ತಿರ ಹೋಗುವುದು ನಾಲ್ಕು ತಿಂಗಳು ತಡವಾಯಿತು. ಅದು ಖಿನ್ನತೆ. ಮಾತ್ರೆ, ಕೌನ್ಸೆಲಿಂಗ್ ಎರಡೂ ಬೇಕಾಯಿತು.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನೌಟ್ (ಕೆಲಸದ ಒತ್ತಡದಿಂದ ಬಸವಳಿಯುವುದು) ಅನ್ನು ಕೆಲಸಕ್ಕೆ ಸಂಬಂಧಪಟ್ಟ ಸ್ಥಿತಿ ಅಂತ ಹೇಳಿತು, ಕಾಯಿಲೆ ಅಂತ ಅಲ್ಲ. ಖಿನ್ನತೆ ಕಾಯಿಲೆ. ಎರಡೂ ಹೊರಗಿನಿಂದ ಒಂದೇ ಥರ ಕಾಣುತ್ತವೆ. ನನ್ನ ಅನುಭವದ ಅಳತೆ ಇಷ್ಟು: ಕೆಲಸದಿಂದ ದೂರ ಇದ್ದರೂ ಇಷ್ಟದ ವಿಷಯ ಇಷ್ಟವಾಗದೇ ಇದ್ದರೆ ಹೋಗಿ ತೋರಿಸಿ. ನಿಮ್ಹಾನ್ಸ್ ನಮ್ಮೂರಲ್ಲೇ ಇದೆ. ಮನೆಯಿಂದಲೇ ಮಾತಾಡಬೇಕಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416, ಕನ್ನಡದಲ್ಲೂ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ.

ಸತ್ಯವೇದದ ಪ್ರವಾದಿ ಎಲೀಯನನ್ನು ನೆನೆಸಿಕೊಳ್ಳಿ. ಬಾಳ ದೇವರ ಪ್ರವಾದಿಗಳನ್ನೆಲ್ಲ ಗೆದ್ದ ಬೆನ್ನಿಗೇ ಗಿಡದ ಕೆಳಗೆ ಕೂತು "ಸಾಕು ಯೆಹೋವನೇ, ನನ್ನ ಪ್ರಾಣ ತೆಗೆದುಬಿಡು" ಅಂದ. ದೇವದೂತ ಬಂದು ವಿಶ್ವಾಸದ ಬಗ್ಗೆ ಪ್ರಸಂಗ ಮಾಡಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ನೀರು ಇಟ್ಟು "ಎದ್ದು ತಿನ್ನು" ಅಂದ. ಅವನು ತಿಂದು ಮತ್ತೆ ಮಲಗಿದ. ದೂತ ಬೈಯದೆ ಎರಡನೇ ಸಲ ಬಂದು ಎಬ್ಬಿಸಿ ಮತ್ತೆ ತಿನ್ನಿಸಿದ. ಬೆಟ್ಟಕ್ಕೆ ಹೋಗುವ ಮಾತು, "ಇಲ್ಲೇನು ಮಾಡುತ್ತಿದ್ದೀ" ಅನ್ನುವ ಪ್ರಶ್ನೆ, ಎಲ್ಲ ಆಮೇಲೆ.

ಪಕ್ಕದ್ಮನೆ · ಮೇ 6, ಬೆಳಗ್ಗೆ 8:15

ನಾನು ಕ್ರೈಸ್ತನಲ್ಲ, ಲಿಂಗಾಯತ. ಹೆಂಡತಿ ಈ ಗುಂಪಿನಲ್ಲಿ ಇದ್ದಾಳೆ, ಅವಳ ಮೊಬೈಲ್‌ನಲ್ಲಿ ಓದಿದೆ. ನಮ್ಮ ಕಡೆ ಇದೇ ಕಷ್ಟ ಬೇರೆ ಹೆಸರಲ್ಲಿ ಇದೆ. ಕೆಲಸ ಬಿಡುತ್ತೇನೆ ಅಂದರೆ ಸಾಕು, ಮಾವ "ಕಾಯಕವೇ ಕೈಲಾಸ" ಅಂತ ಗೋಡೆ ಕಡೆ ಕೈ ತೋರಿಸುತ್ತಾರೆ. ಫ್ರೇಮ್ ಹಾಕಿಸಿದ್ದಾರೆ.

ಆದರೆ ಆ ಮಾತಿನ ಮನೆಯಲ್ಲೇ ಆಯ್ದಕ್ಕಿ ಲಕ್ಕಮ್ಮ ಇದ್ದಳು. ಗಂಡ ಮಾರಯ್ಯ ದಿನಾ ತರುವುದಕ್ಕಿಂತ ಜಾಸ್ತಿ ಅಕ್ಕಿ ಆಯ್ದು ತಂದಾಗ, ಇಷ್ಟು ಬೇಡ, ವಾಪಸು ಸುರಿದು ಬಾ ಅಂದವಳು. ಅದನ್ನು ಯಾರೂ ಫ್ರೇಮ್ ಹಾಕಿಸುವುದಿಲ್ಲ.

ಶನಿವಾರದವ · ಮೇ 6, ಬೆಳಗ್ಗೆ 8:50

@ಪಕ್ಕದ್ಮನೆ, ಅಬ್ಬಾ! ಇದು ನಮ್ಮ ಮನ್ನದ ಕಥೆಯೇ, ಇಸ್ರಾಯೇಲ್ಯರಿಗೆ ಆಕಾಶದಿಂದ ಸಿಕ್ಕ ಆಹಾರದ್ದು. ಮರಳುಗಾಡಿನಲ್ಲಿ ಅವತ್ತಿಗೆ ಬೇಕಾದಷ್ಟೇ ಬಾಚಿಕೊಳ್ಳಿ ಅಂದರೆ ಕೆಲವರು ನಾಳೆಗೂ ಇಟ್ಟುಕೊಂಡರು. ಬೆಳಗ್ಗೆ ಹುಳ ಬಿದ್ದು ನಾರಿತ್ತು. ಆರನೇ ದಿನ ಬಾಚಿದ ಎರಡು ಪಾಲು ಮಾತ್ರ ಕೆಡಲಿಲ್ಲ, ಮಾರನೇ ದಿನ ಬಾಚುವ ಹಾಗಿರಲಿಲ್ಲವಲ್ಲ, ಅದಕ್ಕೆ. ನಿಮ್ಮ ಹೆಂಡತಿಗೆ ಮೊಬೈಲ್ ವಾಪಸು ಕೊಡಬೇಡಿ, ಬರೆಯುತ್ತಾ ಇರಿ.

ರಾಗಿ ಹೊಲ · ಮೇ 6, ರಾತ್ರಿ 8:40

ನಮ್ಮದು ಕೋಲಾರದ ಕಡೆ. ಅಪ್ಪನಿಗೆ ಎರಡು ಎಕರೆ. ಹೊಲವನ್ನು ಒಂದು ವರ್ಷ ಬೀಳು ಬಿಟ್ಟರೆ ಊರವರು ಕೇಳುವುದು ಎರಡೇ ಪ್ರಶ್ನೆ: "ಮಾರುತ್ತೀಯಾ?" "ಸೈಟ್ ಮಾಡುತ್ತೀಯಾ?" ಹೊಂಗೆಮರ ಅವರಿಗೆ ಬರುತ್ತಿರುವ ಪ್ರಶ್ನೆಗಳೂ ಇವೇ. ಸೇವೆಗೆ ಹೋಗುತ್ತೀರಾ, ಹೊಸ ಕೆಲಸಕ್ಕೆ ಹೋಗುತ್ತೀರಾ.

ಏಳನೇ ವರ್ಷ ಭೂಮಿಯನ್ನು ಸುಮ್ನೆ ಬಿಡು ಎಂದು ಯಾಜಕಕಾಂಡ 25ರಲ್ಲಿದೆ. ವಿಮೋಚನಕಾಂಡ 23ರಲ್ಲಿ ಅದರ ಇನ್ನೊಂದು ಮುಖ ಇದೆ. ಬೀಳು ಬಿಟ್ಟ ಹೊಲದಲ್ಲಿ ತಾನಾಗಿ ಬೆಳೆದದ್ದನ್ನು ಬಡವರು ತಿನ್ನಲಿ, ಅವರು ಬಿಟ್ಟದ್ದನ್ನು ಕಾಡಿನ ಮೃಗ ತಿನ್ನಲಿ. ಮೂರನೇ ತಿರುವು ಕೇಳಿದ್ದಕ್ಕೂ ಹೊಂಗೆಮರ ಕೇಳಿದ್ದಕ್ಕೂ ಜಗಳವೇ ಇಲ್ಲ ಅಂತ ನನಗೆ ಅನಿಸಿದ್ದು ಇದಕ್ಕೇ. ಒಬ್ಬರ ಹೊಲ ನಿಂತರೆ ಬೇಲಿ ತೆಗೆಯಬೇಕು. ಬೇಲಿ ಹಾಕಿ ನಿಲ್ಲಿಸಿದರೆ ಅದು ರಿಯಲ್ ಎಸ್ಟೇಟ್.

ಅಪ್ಪ ಹೋದ ವರ್ಷ ನಿಜವಾಗಿಯೂ ಅರ್ಧ ಎಕರೆ ಬಿಟ್ಟಿದ್ದರು. ಭಕ್ತಿಯಿಂದ ಅಲ್ಲ, ಮಂಡಿ ನೋವು. ಅಣ್ಣೆ ಸೊಪ್ಪು, ದಗ್ಗಲ ಸೊಪ್ಪು ಎದ್ದು ಬಂದವು. ಊರ ಹೆಂಗಸರು ದಿನಾ ಕಿತ್ತುಕೊಂಡು ಹೋದರು. ಬೆರಕೆ ಸೊಪ್ಪಿನ ಸಾರು ನಾವೂ ತಿಂದೆವು.

ಮೂರನೇ ತಿರುವು · ಮೇ 6, ರಾತ್ರಿ 9:25

@ರಾಗಿ ಹೊಲ, ಒಪ್ಪಿದೆ. ಅಕ್ಕ, ನಾನು ಜೋರಾಗಿ ಮಾತಾಡಿದೆ. ನೀವು ನಿಲ್ಲಬಾರದು ಅಂತ ಅಲ್ಲ ನನ್ನ ಮಾತು. ನಮ್ಮಮ್ಮನಿಗೂ ನಿಲ್ಲಲು ಆಗಬೇಕಿತ್ತು ಅನ್ನುವ ಹೊಟ್ಟೆಯುರಿ ಅದು.

ಹೊಂಗೆಮರ · ಮೇ 7, ಬೆಳಗ್ಗೆ 11:00

ಎಲ್ಲವನ್ನೂ ಎರಡೆರಡು ಸಲ ಓದಿದೆ. ಗಂಡನ ಪಾಲಿಸಿಯಲ್ಲಿ ಹೆಸರು ಇದೆ ಮೇಷ್ಟ್ರೇ. ಅಯ್ಯನವರ ಮನೆಯಾಕೆಯ ಉಪಾಯ ನಿನ್ನೆಯೇ ಬಳಸಿದೆ, ಕೆಲಸ ಮಾಡಿತು. ಒಮ್ಮೆ ಬಿದ್ದವಳು ಅವರೇ, ನಿಮ್ಮ ಮಾತನ್ನು ಗಂಡನಿಗೂ ತೋರಿಸಿದೆ. ಒಂದು ತಿಂಗಳು ನೋಡುತ್ತೇವೆ, ಹಗುರಾಗದಿದ್ದರೆ ತೋರಿಸುತ್ತೇವೆ. ಆಮೇಲೆ ಬರುತ್ತೇನೆ.

ಓಆರ್‌ಆರ್ ಕೈದಿ · ಆಗಸ್ಟ್ 19, ಬೆಳಗ್ಗೆ 9:10

ಅದೇ ಜಂಕ್ಷನ್. ಹೊಂಗೆಮರ ಅಕ್ಕ ಏನಾದರು ಯಾರಿಗಾದರೂ ಗೊತ್ತಾ?

ಹೊಂಗೆಮರ · ನವೆಂಬರ್ 24, ಸಂಜೆ 6:30

ಇದ್ದೇನೆ. ಬರೆಯುವುದೂ ಕೆಲಸ ಅನಿಸುತ್ತಿತ್ತು, ಅದಕ್ಕೆ ಬಂದಿರಲಿಲ್ಲ.

ಮೊದಲ ಮೂರು ವಾರ ನಿದ್ದೆ. ಒಂಬತ್ತು ಗಂಟೆ, ಹತ್ತು ಗಂಟೆ. ಆಮೇಲೆ ಬಸಿಲಿಕಾ ಸಂಜೆ ಅವರು ಹೇಳಿದ ಮಂಗಳವಾರ ಬಂತು. ನಿಜವಾಗಿಯೂ ಮಂಗಳವಾರವೇ, ಜೂನ್‌ನಲ್ಲಿ. ಬಟ್ಟೆ ಒಣಹಾಕುತ್ತಾ ಬಾಲ್ಕನಿಯಲ್ಲಿ ನಿಂತಿದ್ದೆ, ಕೈ ನಡುಗಿತು. ನಾನು ಯಾರಿಗೂ ಬೇಡ ಅನಿಸಿತು. ಫೋನ್ ಕೈಗೆ ತೆಗೆದುಕೊಂಡೆ, ಬೇರೆ ಕೋಣೆಯಲ್ಲಿ ಇಟ್ಟು ಬಂದೆ. ಆ ವಾರ ಕೌನ್ಸೆಲರ್ ಒಬ್ಬರನ್ನು ನೋಡಿದೆ. ಖಿನ್ನತೆ ಅಲ್ಲ ಅಂದರು, ಆದರೆ ಹೋದದ್ದು ಒಳ್ಳೆಯದಾಯಿತು.

ಪ್ರಾರ್ಥನೆ ಹೆಚ್ಚಾಯಿತಾ ಅಂತ ಕೆಲವರು ಖಾಸಗಿಯಾಗಿ ಕೇಳಿದ್ದೀರಿ. ಇಲ್ಲ. ಮೊದಲ ಎರಡು ತಿಂಗಳು ಪ್ರಾರ್ಥನೆಯೇ ಬರಲಿಲ್ಲ. ಚರ್ಚಿಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತು ಬರುತ್ತಿದ್ದೆ. ಫೋನ್ ಮನೆಯಲ್ಲೇ. ಜುಲೈ ಮೊದಲ ಭಾನುವಾರ ಬಟ್ಟಲು ನನ್ನ ಹತ್ತಿರ ಬಂದಾಗ ಅದರ ಅಂಚಿನಲ್ಲಿ ಒಂದು ಸಣ್ಣ ತಗ್ಗು ಇರುವುದು ಕಂಡಿತು. ಎಷ್ಟೋ ವರ್ಷದಿಂದ ಇದ್ದಿರಬೇಕು. ಆಗ ಅಳು ಬಂತು.

ಮನೆಗೆಲಸದ ಅಕ್ಕನ ವಿಷಯ. ಮೇ ತಿಂಗಳಿಂದಲೇ ಭಾನುವಾರ ರಜೆ ಅಂದೆ, ಸಂಬಳ ಅಷ್ಟೇ ಕೊಡುತ್ತೇನೆ ಅಂದೆ. ಅವರಿಗೆ ಅನುಮಾನ, ಕೆಲಸದಿಂದ ತೆಗೆಯುತ್ತಿದ್ದೇನೆ ಅಂತ. ಮೊದಲ ಭಾನುವಾರ ಆದ ಮೇಲೆ, "ಏನು ಮಾಡಿದಿರಿ?" ಅಂತ ದೊಡ್ಡದಾಗಿ ಕೇಳಿದೆ. "ಬೇರೆ ಎರಡು ಮನೆ ಇದೆಯಲ್ಲಕ್ಕ. ನಿಮ್ಮನೆ ಟೈಮಲ್ಲಿ ಅವರ ಬಿಲ್ಡಿಂಗ್ ಮೆಟ್ಟಿಲ ಮೇಲೆ ಕೂತು ಟೀ ಕುಡಿದೆ" ಅಂದರು. ಮೂರನೇ ತಿರುವು, ನಿಮ್ಮನ್ನೇ ನೆನೆದೆ. ಆ ಎರಡು ಮನೆಯವರ ಹತ್ತಿರ ಮಾತಾಡಿದೆ. ಒಂದು ಮನೆ ಒಪ್ಪಿತು. ಇನ್ನೊಂದು ಮನೆಯವರು ನಮ್ಮ ಸಭೆಯವರೇ, ಒಪ್ಪಲಿಲ್ಲ.

ಜನವರಿಯಿಂದ ಕೆಲಸ ಇದೆ. ವಾರಕ್ಕೆ ನಾಲ್ಕು ದಿನ, ಸಂಬಳ ಮೊದಲಿನ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಸಂದರ್ಶನದಲ್ಲಿ ಈ ಗ್ಯಾಪ್ ಯಾಕೆ ಅಂತ ಕೇಳಿದರು. ವಿಶ್ರಾಂತಿ ಅಂದೆ. ಆ ಹುಡುಗಿ ಸ್ವಲ್ಪ ಹೊತ್ತು ಸ್ಕ್ರೀನ್ ನೋಡಿ "ಅದಕ್ಕೆ ಇಲ್ಲಿ ಆಪ್ಷನ್ ಇಲ್ಲ ಮೇಡಂ, ಪರ್ಸನಲ್ ಅಂತ ಹಾಕಲಾ?" ಅಂದಳು.

ನಿನ್ನೆ ನಮ್ಮ ಚರ್ಚಿನ ಸುಗ್ಗಿ ಹಬ್ಬ, ಕಾಣಿಕೆ ತಂದದ್ದನ್ನು ಹರಾಜು ಹಾಕುವ ದಿನ. ಪ್ರತಿ ವರ್ಷ ಸಂಬಳದ ಕವರ್ ಹಾಕುತ್ತಿದ್ದೆ. ಈ ಸಲ ಸಂಬಳ ಇಲ್ಲ. ಟೆರೇಸ್ ಮೇಲೆ ಡ್ರಮ್ಮಿನಲ್ಲಿ ಬೀಜ ತಾನಾಗಿ ಬಿದ್ದು ಒಂದು ಕುಂಬಳ ಬಳ್ಳಿ ಎದ್ದಿತ್ತು, ನಾನು ನೀರು ಹಾಕಿದ್ದು ಬಿಟ್ಟರೆ ಬೇರೇನೂ ಮಾಡಿಲ್ಲ. ಅದರ ಒಂದೇ ಒಂದು ಕಾಯಿ ತೆಗೆದುಕೊಂಡು ಹೋಗಿ ಮುಂದೆ ಇಟ್ಟೆ. ಆಮೇಲೆ ಹರಾಜು.

ಲೆಕ್ಕದ ಮೇಷ್ಟ್ರು · ನವೆಂಬರ್ 24, ಸಂಜೆ 7:05

ಕಾಯಿ ಎಷ್ಟಕ್ಕೆ ಹೋಯಿತು?

ಹೊಂಗೆಮರ · ನವೆಂಬರ್ 24, ಸಂಜೆ 7:12

1,400 ರೂಪಾಯಿ. ಕೂಗಿದ್ದು ಅಮ್ಮ.